ಎರಡು ಸಲ ಟೋಪಿ ಹಾಕಿಸಿಕೊಂಡ ಕತೆ

ನನ್ನ ತಲೆಗೆ ಎರಡು ಸಲ ಟೋಪಿ ಬಿದ್ದಿದೆ. ಎರಡೂ ತಂತಿ ಜೋತಾಡುವ ಟೋಪಿ, ಮಿದುಳಿನ ಕರೆಂಟು ಅಳೆಯುವಂಥವು. ಮೊದಲನೆಯದಕ್ಕೆ ನಾನೇ 7 ಸಾವಿರ ರೂಪಾಯಿ ಎಣಿಸಿ ಕೊಟ್ಟೆ. ಎರಡನೆಯದಕ್ಕೆ ಅವರೇ ನನಗೆ ಬಸ್ ಚಾರ್ಜು, ಮಧ್ಯಾಹ್ನದ ಊಟ ಕೊಟ್ಟರು. ನಿಜವಾಗಿ ಟೋಪಿ ಬಿದ್ದದ್ದು ಯಾವುದರಲ್ಲಿ ಅಂತ ಗೊತ್ತಾಗಲು ಸುಮಾರು ಒಂದು ವರ್ಷ ಬೇಕಾಯಿತು.

ಶಿರಸಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಊರಲ್ಲಿ ಒಂದೂವರೆ ಎಕರೆ ಅಡಿಕೆ ತೋಟ. ಅದನ್ನು ಅಪ್ಪ ನೋಡಿಕೊಳ್ಳುತ್ತಾನೆ. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಬಾಗಿಲು ಹಾಕಿದ್ದಾಗ ಫೋನಿನಲ್ಲಿ ರಮ್ಮಿ ಆಡಲು ಶುರು ಮಾಡಿದೆ. ಮೂರು ವರ್ಷದಲ್ಲಿ 4 ಲಕ್ಷದ 60 ಸಾವಿರ ಹೋಯಿತು. ಅದರಲ್ಲಿ ಅರ್ಧ ಸೊಸೈಟಿಯ ಸಾಲ. ಉಳಿದದ್ದು ಚಾಲಿ ಅಡಿಕೆ ಮಾರಿದ ದುಡ್ಡು. ಇಷ್ಟು ಹೇಳಿದರೆ ಸಾಕು ಅನಿಸುತ್ತದೆ. ಸೋತವರ ಕತೆ ಎಲ್ಲ ಒಂದೇ ಥರ ಇರುತ್ತದೆ.

ನಮ್ಮ ಕಡೆ ಇಸ್ಪೀಟು ಯಾರಿಗೂ ದೊಡ್ಡ ವಿಷಯ ಅಲ್ಲ. ಮದುವೆ ಮನೆಯಲ್ಲಿ ಹಿಂದಿನ ರಾತ್ರಿ ಮಾಳಿಗೆ ಮೇಲೆ ಜಮಖಾನ ಹಾಸಿಯೇ ಇರುತ್ತದೆ. ಅಪ್ಪ, ಮಾವ, ಭಾವ ಎಲ್ಲ ಸುತ್ತ ಕೂತರೆ ಬೆಳಗಿನ ಜಾವದವರೆಗೂ ಏಳುವುದಿಲ್ಲ. ಪಾಯಿಂಟಿಗೆ ಹತ್ತು ಪೈಸೆ. ಗಲಾಟೆ ಜಾಸ್ತಿಯಾದರೆ ಆಯಿ ಕೆಳಗಿನಿಂದ ಒಂದು ಕೂಗು ಹಾಕುತ್ತಾಳೆ. ಹಾಗಾಗಿ ನನ್ನ ವಿಷಯ ಹೊರಗೆ ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು. "ಇಸ್ಪೀಟು ನಾನೂ ಆಡಿದ್ದಿ. ತೋಟ ಮಾರಕಾತಾ?"

ಉತ್ತರ ಇರಲಿಲ್ಲ. ಅದಕ್ಕೇ ನನಗೊಂದು ಕಾಗದ ಬೇಕಿತ್ತು. ತಲೆಯ ಒಳಗೆ ಇಂಥ ಕಡೆ ಹಾಳಾಗಿದೆ ಅಂತ ಯಾರಾದರೂ ಬರೆದು, ಸೀಲು ಹೊಡೆದು ಕೊಟ್ಟರೆ ಅಪ್ಪನ ಮುಂದೆ ಇಡಬಹುದಿತ್ತು. ಸಕ್ಕರೆ ಕಾಯಿಲೆಯವರಿಗೆ ರಿಪೋರ್ಟ್ ಇರುತ್ತದೆ, ಅಲ್ವಾ? ಅವರನ್ನು ಯಾರೂ ಬಯ್ಯುವುದಿಲ್ಲ.

ಒಂದು ಪೇಟೆಯ ಕೇಂದ್ರದಲ್ಲಿ 'ಬ್ರೇನ್ ಮ್ಯಾಪಿಂಗ್' ಮಾಡುತ್ತಾರೆ ಅಂತ ಫೋನಿನಲ್ಲಿ ಜಾಹೀರಾತು ಬಂತು. ಹೋದೆ. ತಲೆಗೆ ಬಿಗಿಯಾದ ಟೋಪಿ ಹಾಕಿ ಇಪ್ಪತ್ತು ನಿಮಿಷ ಕೂರಿಸಿದರು. ಬೆಳಿಗ್ಗೆಯಷ್ಟೇ 9 ಸಾವಿರ ಸೋತಿದ್ದೆ, ಹಲ್ಲು ಕಚ್ಚಿಕೊಂಡು ಕೂತಿದ್ದೆ. ಬಾಯಲ್ಲಿ ಕವಳವೂ ಇತ್ತು, ಅಂದರೆ ಎಲೆ-ಅಡಿಕೆ. ಅದನ್ನು ಉಗಿದು ಬನ್ನಿ ಅಂತ ಯಾರೂ ಹೇಳಲಿಲ್ಲ.

ಕೈಗೆ ಬಂದದ್ದು 12 ಪುಟದ ರಿಪೋರ್ಟ್. ಸಾಲಾಗಿ ಬಣ್ಣಬಣ್ಣದ ತಲೆಗಳು. ಎರಡೂ ಕಿವಿಯ ಮೇಲೆ ಕೆಂಡದ ಹಾಗೆ ಕೆಂಪು. "ನೋಡಿ, ಬೀಟಾ ಅಲೆ ಜಾಸ್ತಿ, ಇಂಪಲ್ಸ್ ಕಂಟ್ರೋಲ್ ವೀಕ್" ಅಂದರು. ಬೀಟಾ ಅಂದರೆ ಮಿದುಳಿನ ವೇಗದ ಅಲೆಯಂತೆ. ಇಂಪಲ್ಸ್ ಅಂದರೆ ತಟ್ಟನೆ ಏಳುವ ಆಸೆ, ಅದನ್ನು ತಡೆಯುವ ಹಿಡಿತ ನನಗೆ ಕಮ್ಮಿಯಂತೆ. 30 ಸಿಟ್ಟಿಂಗ್ ತರಬೇತಿ ಪಡೆದರೆ ಹಸಿರಾಗುತ್ತದಂತೆ. 45 ಸಾವಿರ. ಅಷ್ಟು ದುಡ್ಡಿರಲಿಲ್ಲ ಅಂತ ಬಚಾವಾದೆ.

ಆದರೆ ಆ ಕೆಂಪು ತಲೆಯ ಪುಟವನ್ನು ನನ್ನದೇ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿದೆ. ಹೆಂಡತಿಗೆ ತೋರಿಸಿದೆ. ಅವಳು ತಿರುಗಿಸಿ ಮುರುಗಿಸಿ ನೋಡಿ, "ಈ ಕಾಗದ ತೋರ್ಸಿದ್ರೆ ಸೊಸೈಟಿಲಿ ಸಾಲ ಮನ್ನಾ ಆಗ್ತಾ?" ಅಂದಳು. ನನಗೆ ಸಿಟ್ಟು ಬಂತು. ಅವತ್ತು ರಾತ್ರಿಯೂ ಆಡಿದೆ. ಮೊದಲಿಗಿಂತ ಸಲೀಸಾಗಿ ಆಡಿದೆ. ಕೆಂಪು ಇದೆಯಲ್ಲ, ನಾನೇನು ಮಾಡಲಿ?

ಮತ್ತೆ ಒಂದು ದಿನ ಅಂಗಡಿಯಲ್ಲಿ ಕೂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿದೆ. 14416. ದುಡ್ಡಿಲ್ಲದ ಕಾಲಕ್ಕೆ ಇದು ಒಳ್ಳೆಯ ವ್ಯವಸ್ಥೆ. ಕನ್ನಡದಲ್ಲೇ ಮಾತಾಡಿದರು. ಅಲ್ಲಿಂದ ಸರ್ಕಾರಿ ಮನೋವೈದ್ಯರ ಹತ್ತಿರ ಹೋದೆ. ನಾನು ಕೂತ ಕೂಡಲೇ ಲ್ಯಾಮಿನೇಟ್ ಮಾಡಿದ ತಲೆಯನ್ನು ಮೇಜಿನ ಮೇಲೆ ಇಟ್ಟೆ. ಡಾಕ್ಟ್ರು ಅದನ್ನು ನೋಡಿ, ಪಕ್ಕಕ್ಕೆ ಸರಿಸಿ, ಪ್ರಶ್ನೆ ಕೇಳಲು ಶುರು ಮಾಡಿದರು. ಶುರು ಮಾಡಿದರೆ ನಿಲ್ಲಿಸಲು ಆಗುತ್ತಿಲ್ಲವಾ? ಉಳಿದ ಕೆಲಸ ಎಲ್ಲ ಹಿಂದೆ ಬಿದ್ದಿದೆಯಾ? ಹಾಳಾಗುತ್ತಿದೆ ಅಂತ ಗೊತ್ತಿದ್ದೂ ಮುಂದುವರಿಸಿದ್ದೀರಾ? ಎಷ್ಟು ಕಾಲದಿಂದ? ಸೋತದ್ದನ್ನು ವಾಪಸ್ ಗೆಲ್ಲಲು ಮರುದಿನ ಮತ್ತೆ ಕೂರುತ್ತೀರಾ? ಸುಳ್ಳು ಹೇಳುತ್ತೀರಾ?

ಮುಕ್ಕಾಲು ಗಂಟೆ ಮಾತಾಡಿ ಜೂಜಿನ ಕಾಯಿಲೆ ಅಂತ ಬರೆದರು. ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ನನಗೆ ನಿರಾಸೆಯೇ ಆಯಿತು. "ಸ್ಕ್ಯಾನ್ ಮಾಡೋದಿಲ್ವಾ ಸರ್?" ಅಂದೆ. ಜೂಜಿನ ಕಾಯಿಲೆಗೆ ಅಂಥ ಪರೀಕ್ಷೆ ಇನ್ನೂ ಬಂದಿಲ್ಲ ಅಂದರು. ಮೊದಲು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಜೂಜನ್ನು ಕಳ್ಳತನದ ಚಟ, ಬೆಂಕಿ ಹಚ್ಚುವ ಚಟಗಳ ಜೊತೆ ಇಂಪಲ್ಸ್ ಹಿಡಿತ ತಪ್ಪಿದ ಕಾಯಿಲೆಗಳ ಗುಂಪಿನಲ್ಲಿ ಇಟ್ಟಿದ್ದರಂತೆ. 2013ರಲ್ಲಿ ಅದನ್ನು ಅಲ್ಲಿಂದ ಎತ್ತಿ ಕುಡಿತದ ಪಕ್ಕಕ್ಕೆ ಇಟ್ಟರು. ಮಿದುಳು ಎರಡರಲ್ಲೂ ಒಂದೇ ಥರ ನಡೆದುಕೊಳ್ಳುತ್ತದೆ ಅನ್ನುವುದು ಅದಕ್ಕೆ ಒಂದು ಕಾರಣ. ಹಾಗಾದರೆ ಮಿದುಳನ್ನು ನೋಡಿಯೇ ಹೇಳಬಹುದಲ್ಲ ಅಂತ ನಾನು ಪಟ್ಟು ಹಿಡಿದೆ. ಡಾಕ್ಟ್ರು ನಕ್ಕು, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಇದೇ ವಿಷಯದ ಸಂಶೋಧನೆಗೆ ಜನ ಬೇಕಾಗಿದ್ದಾರೆ, ಮನಸ್ಸಿದ್ದರೆ ಹೋಗಿ ಅಂದರು.

ಬೆಂಗಳೂರಿಗೆ ಯಾಕೆ ಅಂತ ನಮ್ಮ ಜಿಲ್ಲೆಯವರು ಕೇಳುವುದಿಲ್ಲ. ದೊಡ್ಡ ಆಸ್ಪತ್ರೆ ಬೇಕು ಅಂತ ಇಲ್ಲಿ ಕೂಗಿ ಕೂಗಿ ಗಂಟಲು ಬಿದ್ದುಹೋಗಿದೆ.

ಹೋಗುವ ಮೊದಲು ಫೋನಿನಲ್ಲಿ ಸೂಚನೆ ಕೊಟ್ಟರು. ತಲೆಗೆ ಸ್ನಾನ ಮಾಡಿ, ಎಣ್ಣೆ ಹಾಕಬೇಡಿ. ಬೆಳಿಗ್ಗೆ ಕಾಫಿ, ಚಹಾ ಬೇಡ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ರಾತ್ರಿ ಬಸ್ಸಿನಲ್ಲಿ ಹೋಗುವವನಿಗೆ ಈ ಕೊನೆಯದು ಆಗದ ಮಾತು. ಅದನ್ನು ಹೇಳಿದಾಗ ಒಂದು ದಿನ ಮೊದಲೇ ಬರಲು ಹೇಳಿದರು, ಅಲ್ಲೇ ಉಳಿದುಕೊಂಡೆ. ಎಣ್ಣೆಯದ್ದು ಆಯಿಗೆ ಸಮಸ್ಯೆ ಆಯಿತು. ಬೋಳು ತಲೆಯಲ್ಲಿ ಪರಊರಿಗೆ ಹೋಗುತ್ತಾರಾ ಅಂತ ಅವಳ ವಾದ. ಎಣ್ಣೆ ಇಲ್ಲದ ತಲೆ ಅವಳ ಲೆಕ್ಕಕ್ಕೆ ಬೋಳು ತಲೆಯೇ.

ಮೊದಲು ಒಪ್ಪಿಗೆ ಪತ್ರ. ಕನ್ನಡದಲ್ಲೇ ಇತ್ತು. ಅದರಲ್ಲಿ ಒಂದು ಸಾಲು ಓದಿ ತಬ್ಬಿಬ್ಬಾದೆ: ಈ ಪರೀಕ್ಷೆಯಿಂದ ನಿಮಗೆ ನೇರವಾದ ಲಾಭ ಇರುವುದಿಲ್ಲ. ದುಡ್ಡು ತೆಗೆದುಕೊಂಡವರು ಹಸಿರು ಮಾಡಿಕೊಡುತ್ತೇವೆ ಅಂದಿದ್ದರು. ದುಡ್ಡು ಕೊಡುವವರು ಏನೂ ಸಿಗುವುದಿಲ್ಲ ಅನ್ನುತ್ತಿದ್ದಾರೆ. ಬೇಡ ಅನಿಸಿದರೆ ನಡುವೆ ಎದ್ದು ಹೋಗಬಹುದು ಅಂತಲೂ ಇತ್ತು. ಸಹಿ ಹಾಕಿದೆ.

ಪರೀಕ್ಷೆ ಮಾಡಿದ್ದು ಒಬ್ಬ ಹುಡುಗಿ, ಪಿಎಚ್‌ಡಿ ಮಾಡುತ್ತಿರುವವರು. ನನಗಿಂತ ಹತ್ತು ವರ್ಷ ಚಿಕ್ಕವರು. ನಾನು ಮೇಡಂ ಅಂದೆ, ಅವರು ಸರ್ ಅಂದರು. ಮೊದಲ ಪ್ರಶ್ನೆಯೇ "ಬಾಯಲ್ಲಿ ಏನಾದ್ರೂ ಇದೆಯಾ ಸರ್?" ಕವಳ ಉಗಿದು, ಬಾಯಿ ಮುಕ್ಕಳಿಸಿ ಬಂದೆ.

ಟೋಪಿಯಲ್ಲಿ ಕರೆಂಟು ಹಿಡಿಯುವ 64 ಗುಂಡಿ. ಒಂದೊಂದಕ್ಕೂ ಹೆಸರಿದೆ. ತಲೆಯ ಎಡಕ್ಕೆ ಬೆಸ ಸಂಖ್ಯೆ, ಬಲಕ್ಕೆ ಸಮ ಸಂಖ್ಯೆ, ನಡುನೆತ್ತಿಯ ಗೆರೆಗೆ ಝಡ್ ಅಕ್ಷರ. ಪ್ರತಿ ಗುಂಡಿಯ ತೂತಿನೊಳಗೆ ಮೊಂಡು ಸೂಜಿಯ ಸಿರಿಂಜ್‌ನಿಂದ ತಣ್ಣಗಿನ ಜೆಲ್ ಹಾಕಿ, ಕೂದಲು ಸರಿಸಿ, ಚರ್ಮಕ್ಕೆ ತಾಗಿಸಬೇಕು. ಸರಿಯಾಗಿ ತಾಗಿದರೆ ಪರದೆಯ ಮೇಲಿನ ಕೆಂಪು ಚುಕ್ಕಿ ಹಸಿರಾಗುತ್ತದೆ. ಇಲ್ಲಿ ಕೆಂಪು ಅಂದರೆ ಜೆಲ್ ಸಾಲದು ಅಂತ, ಅಷ್ಟೆ. ಎಲ್ಲ ಹಸಿರಾಗಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಕಷ್ಟ ಯಾಕೆ ಅಂದರೆ ತಲೆಯ ಮೇಲೆ ಸಿಗುವ ಕರೆಂಟು ಅಷ್ಟು ಸಣ್ಣದು. ವೋಲ್ಟಿನ ಹತ್ತು ಲಕ್ಷದ ಒಂದು ಭಾಗಕ್ಕೆ ಒಂದು ಮೈಕ್ರೋವೋಲ್ಟ್. ಮಿದುಳಿನ ಅಲೆಗಳು ಅಂಥ ಕೆಲವು ಹತ್ತುಗಳಲ್ಲಿ ಇರುತ್ತವೆ. ಗೋಡೆ ಗಡಿಯಾರದ ಸೆಲ್ಲೇ ಒಂದೂವರೆ ವೋಲ್ಟ್. 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮೊದಲ ಸಲ ಮನುಷ್ಯನ ತಲೆಯಿಂದ ಇದನ್ನು ಹಿಡಿದಿದ್ದ. ಅವನ ತಾಳ್ಮೆಗೆ ದೊಡ್ಡ ನಮಸ್ಕಾರ.

"ಒಂದು ತಮಾಷೆ ನೋಡಿ ಸರ್" ಅಂತ ಮೇಡಂ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಸಣ್ಣ ಗೆರೆಗಳು ಸುಮ್ನೆ ನಡುಗುತ್ತಾ ಹೋಗುತ್ತಿದ್ದವು. ಕಣ್ಣು ಮಿಟುಕಿಸಿ ಅಂದರು. ಹಣೆಯ ಗುಂಡಿಗಳ ಗೆರೆ ಗುಡ್ಡದ ಹಾಗೆ ಎದ್ದಿತು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಅಂದರು. ನಾನು ಕಣ್ಣು ಮುಚ್ಚಿದ್ದಾಗ ತಲೆಯ ಹಿಂಭಾಗದ ಗೆರೆಗಳು ಒಂದೇ ಲಯಕ್ಕೆ ಬಂದಿದ್ದನ್ನು ಆಮೇಲೆ ತೋರಿಸಿದರು. ಸೆಕೆಂಡಿಗೆ 8ರಿಂದ 13 ಸಲ, ಅದು ಆಲ್ಫಾ. ಈಗ ಹಲ್ಲು ಕಚ್ಚಿ ಅಂದರು. ಕಚ್ಚಿದೆ. ಎರಡೂ ಕಿವಿಯ ಮೇಲಿನ ಗುಂಡಿಗಳ ಗೆರೆ ಪೂರ್ತಿ ಕಪ್ಪಾಗಿ ಹೋಯಿತು, ಶಾಯಿ ಚೆಲ್ಲಿದ ಹಾಗೆ. "ಇದು ದವಡೆಯ ಸ್ನಾಯು. ಮಿದುಳಲ್ಲ. ಕಂಪ್ಯೂಟರಿಗೆ ಇದು ಬೀಟಾ ಥರವೇ ಕಾಣುತ್ತೆ."

ನಾನು ಚೀಲದಿಂದ ಲ್ಯಾಮಿನೇಷನ್ ತೆಗೆದೆ. ಎರಡೂ ಕಿವಿಯ ಮೇಲೆ ಕೆಂಪು. ಮೇಡಂ ಅದನ್ನು ಬಹಳ ಹೊತ್ತು ನೋಡಿದರು. ಕಚ್ಚಾ ರೆಕಾರ್ಡ್ ನೋಡದೆ ಖಚಿತವಾಗಿ ಹೇಳಲಾರೆ ಅಂದರು. ಆಮೇಲೆ ಮೆಲ್ಲಗೆ, "ಆವತ್ತು ಏನಾದ್ರೂ ಜಗೀತಾ ಇದ್ರಾ ಸರ್?"

ಮೊದಲ ಆಟ ಸುಲಭದ್ದು. ಪರದೆಯಲ್ಲಿ ಅಕ್ಷರ ಬರುತ್ತವೆ, ಪ್ರತಿ ಅಕ್ಷರಕ್ಕೂ ಗುಂಡಿ ಒತ್ತಬೇಕು. ಎಕ್ಸ್ ಬಂದರೆ ಮಾತ್ರ ಒತ್ತಬಾರದು. ಎಕ್ಸ್ ಅಪರೂಪಕ್ಕೆ ಬರುತ್ತದೆ. ಬೆರಳಿಗೆ ಒತ್ತುವ ರೂಢಿ ಬಿದ್ದಿರುತ್ತದೆ. ಅಷ್ಟರಲ್ಲಿ ಎಕ್ಸ್! ಬೆರಳು ಹೋಗಿಯೇ ಬಿಟ್ಟಿರುತ್ತದೆ. ಬಾಯಲ್ಲಿ 'ಛೆ' ಬರುವ ಮೊದಲೇ, ತಪ್ಪಿದ ನೂರು ಮಿಲಿಸೆಕೆಂಡಿನ ಒಳಗೆ, ನೆತ್ತಿಯ ಮುಂಭಾಗದ ಗುಂಡಿಗಳಲ್ಲಿ ಒಂದು ಅಲೆ ಕೆಳಗಿಳಿಯುತ್ತದಂತೆ. ತಪ್ಪಿನ ಅಲೆ. 1990ರ ಹೊತ್ತಿಗೆ ಜರ್ಮನಿ, ಅಮೆರಿಕಗಳಲ್ಲಿ ಬೇರೆ ಬೇರೆಯಾಗಿ ಕಂಡುಹಿಡಿದದ್ದು. ಅತಿಯಾಗಿ ಚಿಂತೆ ಮಾಡುವವರಲ್ಲಿ, ಬಾಗಿಲು ಹಾಕಿದೆಯಾ ಅಂತ ಹತ್ತು ಸಲ ನೋಡುವವರಲ್ಲಿ ಈ ಅಲೆ ದೊಡ್ಡದು. ಹಿಡಿತ ತಪ್ಪಿದವರ, ಚಟದವರ ಗುಂಪುಗಳಲ್ಲಿ ಸಣ್ಣದಾಗಿ ಸಿಗುವುದು ಹೆಚ್ಚು. ಕೇಳಿದಾಗ ಮೈ ಜುಂ ಅಂದಿತು. ನನ್ನ ತಲೆಗೆ ತಪ್ಪು ತಪ್ಪು ಅಂತಲೇ ಕೇಳಿಸುವುದಿಲ್ಲವೇನೋ ಅಂತ.

ಆದರೆ ನನ್ನ ತಪ್ಪುಗಳ ಲೆಕ್ಕ ಎಲ್ಲರಷ್ಟೇ ಇತ್ತು. ಬೆರಳು ನಿಲ್ಲಿಸುವುದು ನನಗೆ ಬರುತ್ತಿತ್ತು.

ಎರಡನೇ ಆಟದಲ್ಲಿ ಎರಡು ಇಸ್ಪೀಟ್ ಎಲೆ ಮಗುಚಿ ಇಟ್ಟಿರುತ್ತವೆ. ಒಂದನ್ನು ಆರಿಸಬೇಕು. ಸ್ವಲ್ಪ ತಡೆದು ಹಸಿರು ಬಾಣ ಬಂದರೆ ಗೆಲುವು, ಕೆಂಪು ಬಾಣ ಬಂದರೆ ಸೋಲು. ದುಡ್ಡು ಇಲ್ಲ, ಬರೀ ಅಂಕ. ಯಾವ ಲೆಕ್ಕಾಚಾರವೂ ನಡೆಯುವುದಿಲ್ಲ, ಕಂಪ್ಯೂಟರ್ ಸುಮ್ನೆ ಚೀಟಿ ಎತ್ತುತ್ತದೆ ಅಂತ ಮೊದಲೇ ಹೇಳಿದ್ದರು. ಆದರೂ ಹತ್ತನೇ ಸಲಕ್ಕೆ ನನ್ನ ಅಂಗೈ ಬೆವರಿತು. ಮೂರು ಸಲ ಎಡಕ್ಕೆ ಸೋತರೆ ಈಗ ಬಲಕ್ಕೆ ಬರಲೇಬೇಕು ಅಂತ ಲೆಕ್ಕ ಹಾಕತೊಡಗಿದೆ. ಬಾಣ ಬರುವ ಮೊದಲಿನ ಆ ತಡೆ ಇದೆಯಲ್ಲ, ಒಂದು ಸೆಕೆಂಡೂ ಇರಲಿಕ್ಕಿಲ್ಲ, ಅದು ನನಗೆ ಪರಿಚಯದ ಜಾಗ. ಅಲ್ಲೇ ನಾನು ಮೂರು ವರ್ಷ ಬದುಕಿದ್ದೆ. ಒಂದೇ ಎಲೆ ಬಂದರೆ ಶೋ ಅನ್ನುವ ಹೊತ್ತು. ಗೆದ್ದರೆ ಅಷ್ಟು ಖುಷಿ ಇರುತ್ತಿರಲಿಲ್ಲ. ಸೋತರೆ ಅಷ್ಟು ಬೇಜಾರೂ ಇಲ್ಲ. ಆ ತಡೆ ಮಾತ್ರ ಬೇಕಿತ್ತು. ಇದನ್ನು ನಾನು ಯಾವ ಡಾಕ್ಟ್ರ ಪ್ರಶ್ನೆಗೂ ಹೇಳಿರಲಿಲ್ಲ. ಹೇಳಲು ಗೊತ್ತೇ ಇರಲಿಲ್ಲ.

ಬಾಣ ಕಂಡು 250-300 ಮಿಲಿಸೆಕೆಂಡಿಗೆ ಗೆಲುವು ಸೋಲಿನ ಅಲೆ, ಅದರ ಬೆನ್ನಿಗೆ ಪಿ300 ಅನ್ನುವ ದೊಡ್ಡ ಅಲೆ ಬರುತ್ತವಂತೆ. ನನ್ನ ತಲೆಯಲ್ಲೂ ಬಂದಿರಬೇಕು. ಕಣ್ಣಿಗೆ ಏನೂ ಕಾಣುವುದಿಲ್ಲ. ಹತ್ತಾರು ಸಲ ಬಂದದ್ದನ್ನು ಒಟ್ಟು ಮಾಡಿ ಸರಾಸರಿ ತೆಗೆದ ಮೇಲೆಯೇ ಅದು ಗದ್ದಲದಿಂದ ಮೇಲೇಳುವುದು.

ಜೆಲ್ ತೊಳೆದುಕೊಂಡು ಬಂದು ಊಟಕ್ಕೆ ಕೂತಾಗ ಕೇಳಿಯೇ ಬಿಟ್ಟೆ. "ಮೇಡಂ, ನನ್ನ ತಲೆ ಏನು ಹೇಳ್ತು? ಒಂದು ರಿಪೋರ್ಟ್ ಕೊಡಿ."

ಕೊಡುವುದಿಲ್ಲ ಅಂದರು. ಕೊಟ್ಟರೆ ಸುಳ್ಳು ಕೊಟ್ಟ ಹಾಗೆ ಅಂದರು. ನೂರು ಜನ ಜೂಜುಕೋರರನ್ನು, ನೂರು ಜನ ಬೇರೆಯವರನ್ನು ಕೂರಿಸಿದರೆ ಎರಡು ಗುಂಪಿನ ಸರಾಸರಿಯಲ್ಲಿ ವ್ಯತ್ಯಾಸ ಕಾಣಬಹುದು. ಆದರೆ ಒಬ್ಬ ಬಂದು ಮುಂದೆ ಕೂತರೆ ಅವನು ಯಾವ ಗುಂಪು ಅಂತ ಅಲೆ ನೋಡಿ ಹೇಳಲಾಗುವುದಿಲ್ಲ. ನನಗೆ ತಕ್ಷಣ ಅರ್ಥವಾಯಿತು. ಯಲ್ಲಾಪುರದ ರಾಶಿ ಅಡಿಕೆಗೆ ನಮ್ಮ ಶಿರಸಿಯದಕ್ಕಿಂತ ಸಾಮಾನ್ಯವಾಗಿ ರೇಟು ಜಾಸ್ತಿ. ಹಾಗಂತ ಒಂದು ಅಡಿಕೆ ಕೈಗೆ ಕೊಟ್ಟು ಯಾವ ಊರಿನದು ಹೇಳು ಅಂದರೆ ಮೂವತ್ತು ವರ್ಷ ವ್ಯಾಪಾರ ಮಾಡಿದವನೂ ಹೇಳಲಾರ. ಇದನ್ನು ಹೇಳಿದಾಗ ಮೇಡಂ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ನಾನು ವಿಜ್ಞಾನಕ್ಕೆ ಕೊಟ್ಟ ಕಾಣಿಕೆ ಅದೊಂದೇ ಇರಬೇಕು.

ಇನ್ನೊಂದು ತೊಡಕೂ ಇದೆ. ಪಿ300 ಸಣ್ಣದಾಗುವುದು ಕುಡಿಯುವವರಲ್ಲಿ ಕಂಡಿದೆ. 1984ರಲ್ಲಿ ಅಮೆರಿಕದಲ್ಲಿ ನೋಡಿದಾಗ ಕುಡುಕರ ಗಂಡುಮಕ್ಕಳಲ್ಲೂ ಸಿಕ್ಕಿತು, ಆ ಹುಡುಗರು ಇನ್ನೂ ಕುಡಿಯಲು ಶುರುವೇ ಮಾಡಿರಲಿಲ್ಲ. ಒಂದು ಕಡೆ ಕೂರಲಾಗದ ಎಡಿಎಚ್‌ಡಿ ಮಕ್ಕಳಲ್ಲೂ ಹೀಗೇ. ಅಂದರೆ ಅದು ಜ್ವರದ ಹಾಗೆ. ಮೈ ಬಿಸಿ ಇದೆ ಅಂತ ಗೊತ್ತಾಗುತ್ತದೆ, ಮಲೇರಿಯಾನೋ ಮಂಗನ ಕಾಯಿಲೆಯೋ ಗೊತ್ತಾಗುವುದಿಲ್ಲ. ಎಡಿಎಚ್‌ಡಿಗೆ ಥೀಟಾ ಅನ್ನುವ ನಿಧಾನದ ಅಲೆಗೂ ಬೀಟಾ ಅಲೆಗೂ ಇರುವ ಪ್ರಮಾಣ ಅಳೆಯುವ ಒಂದು ಯಂತ್ರಕ್ಕೆ 2013ರಲ್ಲಿ ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟಿತ್ತು, ಅದೂ ವೈದ್ಯರ ಪರೀಕ್ಷೆಯ ಜೊತೆಗೆ ಮಾತ್ರ. 2016ರಲ್ಲಿ ಅಲ್ಲಿನ ನರರೋಗ ವೈದ್ಯರ ಸಂಘವೇ ಸಂಶೋಧನೆಯ ಹೊರಗೆ ಇದನ್ನು ಬಳಸಬೇಡಿ ಅಂದಿತು. ಕಾಯಿಲೆ ಇಲ್ಲದ ಮಗುವಿಗೂ ಇದೆ ಅಂದುಬಿಡುವ ಭಯ.

ಊಟ ಮುಗಿಯುತ್ತಾ ಬಂದಾಗ ಮೇಡಂಗೆ ಗೋವಾದ ಕತೆ ಹೇಳಿದೆ. 2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರ ಆನ್‌ಲೈನ್ ಜೂಜು ನಿಷೇಧಿಸಿತು. ನನ್ನ ಆ್ಯಪ್ ಇಲ್ಲಿ ತೆರೆಯದಾಯಿತು. ನಾನು ಏನು ಮಾಡಿದೆ? ಕಾರವಾರದಲ್ಲಿ ತಂಗಿ ಮನೆ ಇದೆ. ಅವಳನ್ನು ನೋಡಿಕೊಂಡು ಬರುತ್ತೇನೆ ಅಂತ ಹೇಳಿ, ಬೈಕಿನಲ್ಲಿ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ಹಾದು ಸುಮಾರು 120 ಕಿಲೋಮೀಟರ್ ಹೋಗಿ, ಕಾಳಿ ಹೊಳೆ ದಾಟಿ, ಮಾಜಾಳಿ ಚೆಕ್‌ಪೋಸ್ಟಿನ ಆಚೆ ಗೋವಾದ ಪೋಳೆಂನಲ್ಲಿ ಒಂದು ಗೇರುಮರದ ಕೆಳಗೆ ಬೈಕ್ ನಿಲ್ಲಿಸಿ ಆಡಿದೆ. ತಂಗಿ ಮನೆಗೆ ಹೋಗಲೇ ಇಲ್ಲ. ಹೀಗೆ ನಾಲ್ಕು ಸಲ. ವಾಪಸ್ ಬರುವಾಗ ದಾಟುತ್ತಿದ್ದ ಕಾಳಿ ಹೊಳೆಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದು ಬಿತ್ತು. ಸುದ್ದಿ ನೋಡಿದಾಗ ನನಗೆ ಮೊದಲು ನೆನಪಾದದ್ದು ಆ ಗೇರುಮರ. ಆನ್‌ಲೈನ್ ಜೂಜಿನ ಆ ನಿಷೇಧವನ್ನು 2022ರ ಫೆಬ್ರವರಿ 14ರಂದು ಹೈಕೋರ್ಟ್ ರದ್ದು ಮಾಡಿತು. ನನ್ನ ಪೆಟ್ರೋಲ್ ಉಳಿಯಿತು.

"ಇದು ಇಂಪಲ್ಸಾ ಮೇಡಂ?" ಅಂತ ಕೇಳಿದೆ. ತಟ್ಟನೆ ಬೆರಳು ಹೋಗುವುದು ಒಂದು. ಟ್ಯಾಂಕ್ ತುಂಬಿಸಿ, ಸುಳ್ಳು ಹೊಂದಿಸಿ, ಘಟ್ಟ ಇಳಿದು ಹೋಗುವುದು ಇನ್ನೊಂದು. ಯಾವ ಗುಂಡಿಯ ಆಟದಲ್ಲಿ ಇದು ಸಿಗುತ್ತದೆ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅದಕ್ಕೇ ನಿಮ್ಮ ಡಾಕ್ಟರ್ ಮುಕ್ಕಾಲು ಗಂಟೆ ಮಾತಾಡಿದ್ದು ಅಂದರು.

ಆಮೇಲಿನದು ಚುಟುಕಾಗಿ ಹೇಳುತ್ತೇನೆ. ಎರಡು ವಾರಕ್ಕೊಮ್ಮೆ ಆಪ್ತಸಮಾಲೋಚನೆ. ಬ್ಯಾಂಕಿನ ಸಿಮ್ ಹೆಂಡತಿಯ ಫೋನಿನಲ್ಲಿದೆ. ಅಂಗಡಿಯ ಕ್ಯೂಆರ್ ಕೋಡ್ ಅವಳ ಹೆಸರಿನದು. ನಾನು ಆಡಬೇಕು ಅನಿಸಿದ ಹೊತ್ತನ್ನು ಚೀಟಿಯಲ್ಲಿ ಬರೆಯುತ್ತೇನೆ. ಹೆಚ್ಚಿನವು ಮಧ್ಯಾಹ್ನ ಮೂರರ ಸುಮಾರಿಗೆ, ಅಂಗಡಿಗೆ ಯಾರೂ ಬಾರದ ಹೊತ್ತಿಗೆ. ಎರಡು ಸಲ ಜಾರಿದ್ದೇನೆ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ದುಡ್ಡಿನ ರಮ್ಮಿ ಆ್ಯಪ್‌ಗಳು ನಿಂತವು. ವಾರದೊಳಗೆ ಗೆಳೆಯನೊಬ್ಬ ವಿದೇಶದ್ದು ಅಂತ ಇನ್ನೊಂದು ಲಿಂಕ್ ಕಳಿಸಿದ. ಅವನ ನಂಬರ್ ಬ್ಲಾಕ್ ಮಾಡಿದ್ದೇನೆ.

ಮೊನ್ನೆ ಮಾವನ ಮಗಳ ಮದುವೆ. ಹಿಂದಿನ ರಾತ್ರಿ ಎಂದಿನ ಹಾಗೆ ಮಾಳಿಗೆ ಮೇಲೆ ಜಮಖಾನ ಬಿತ್ತು. ನಾನು ಜಗಲಿಯಲ್ಲೇ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಅಪ್ಪ ಕೆಳಗೆ ಇಳಿದು ಬಂದು, ಕವಳದ ಬಟ್ಟಲು ಎಳೆದುಕೊಂಡು ಪಕ್ಕದಲ್ಲಿ ಕೂತ. ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದ. "ಬೆಂಗಳೂರಲ್ಲಿ ತಲೆ ನೋಡಿದ್ವಡ. ಎಂತ ಬಂತು?"

ಎಲ್ಲ ಹೇಳಿದೆ. ಗುಂಪು, ಸರಾಸರಿ, ಯಲ್ಲಾಪುರದ ಅಡಿಕೆ. ಅಡಿಕೆಯ ಮಾತಿಗೆ ಹೌದು ಹೌದು ಅಂತ ತಲೆ ಆಡಿಸಿದ. ಹಾಗಾದರೆ ಮೊದಲಿನ ಕೆಂಪು ಚಿತ್ರ ಎಂತದು ಅಂದ. ದವಡೆಯ ವಿಷಯ ಹೇಳಿದೆ. ಅವತ್ತು ಬಾಯಲ್ಲಿ ಕವಳ ಇತ್ತು ಅಂತಲೂ ಹೇಳಿದೆ.

ಅಪ್ಪ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಹಂಗಾರೆ ಏಳು ಸಾವಿರ ಕೊಟ್ಟು ಕವಳದ ಫೋಟೊ ತೆಗೆಸ್ಕಂಡು ಬಂದ್ಯ ಮಾರಾಯ?"